ಕರೆದರೂ ಕಣ್ಣು ಬಿಡಬಾರದು

ಚಿಕ್ಕ ಮಕ್ಕಳನ್ನು ಧ್ಯಾನಕ್ಕೆ ಕೂರಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದ ಹಾಗೆ. ಆದರೂ ದರ್ಜಿಯಮ್ಮ ಹಟ ಬಿಡಲಿಲ್ಲ. ಆರು ವರ್ಷದ ಪುಟ್ಟಿ, ಮೂರು ವರ್ಷದ ಗುಂಡ, ತನ್ನಿಬ್ಬರು ಮಕ್ಕಳನ್ನೂ ಹೊಲಿಗೆ ಯಂತ್ರದ ಪಕ್ಕ ಚಾಪೆ ಹಾಸಿ ಕೂರಿಸುತ್ತಿದ್ದಳು. ಕೂತರೆ ಸಾಲದು, ಪರೀಕ್ಷೆ ಬೇರೆ! "ಅಯ್ಯೋ ಹಾವು!" ಅನ್ನುವಳು, ಸುಳ್ಳೇ ಅಳುವಳು. ಕಣ್ಣು ಬಿಟ್ಟವರು ಸೋತಂತೆ. "ನಾನೇ ಕರೆದ್ರೂ ಓಗೊಡಬಾರ್ದು, ಗೊತ್ತಾಯ್ತಾ?" ಪುಟ್ಟಿ ಗಟ್ಟಿಗಿತ್ತಿ. ಗುಂಡ ಮಾತ್ರ ಪ್ರತಿಸಲ ಸೋತು ಮೋರೆ ಊದಿಸಿಕೊಳ್ಳುತ್ತಿದ್ದ.

ಅಂದು ಮಧ್ಯಾಹ್ನ ಇಬ್ಬರನ್ನೂ ಧ್ಯಾನಕ್ಕೆ ಕೂರಿಸಿ, ಹೊಲಿದ ಅಂಗಿ ಕೊಡಲು ಎದುರು ಮನೆಗೆ ಹೋದಳು. ತೋಳು ಬಿಗಿಯಾಯಿತೆಂದು ಗಿರಾಕಿ ತಗಾದೆ ತೆಗೆದು ತಡವಾಯಿತು. ವಾಪಸ್ಸು ಬಂದರೆ ಬೀದಿ ಬಾಗಿಲು ಹಾರುಹೊಡೆದಿದೆ, ಚಾಪೆಯ ಮೇಲೆ ಪುಟ್ಟಿ ಒಬ್ಬಳೇ ಕಣ್ಣು ಮುಚ್ಚಿ ಕೂತಿದ್ದಾಳೆ.

"ಗುಂಡ ಎಲ್ಲೇ?"

ಪುಟ್ಟಿ ಕಣ್ಣು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡಳು. ದರ್ಜಿಯಮ್ಮ ಬಚ್ಚಲು, ಮಂಚದಡಿ, ನೀರಿನ ತೊಟ್ಟಿ ಎಲ್ಲ ನೋಡಿದಳು. ಬೀದಿಗೆ ಓಡಿದರೆ ಬುರ್ರೆಂದು ಲಾರಿಗಳು. "ಗುಂಡಾ! ಗುಂಡಾ!" ಗಂಟಲು ಹರಿಯುವಂತೆ ಕೂಗಿದಳು.

ಒಳಗೆ ಬಂದು ಮಗಳ ಭುಜ ಹಿಡಿದು ಅಲುಗಾಡಿಸಿದಳು. "ಇದು ಪರೀಕ್ಷೆ ಅಲ್ಲ ಕಣೇ, ಪುಟ್ಟಿ! ನಿನ್ನ ದಮ್ಮಯ್ಯ, ಹೇಳೇ!"

ಹುಡುಗಿ ತುಟಿಯಂಚಿನಲ್ಲೇ ನಕ್ಕಳು. ನಿನ್ನೆಯೂ ಅಮ್ಮ ಹೀಗೇ ಅಂದಿದ್ದಳಲ್ಲ! ಕಪಾಳಕ್ಕೆ ಫಟೀರೆಂದು ಬಿತ್ತು. ಆಗಷ್ಟೇ ಪುಟ್ಟಿ ಕಣ್ಣು ಬಿಟ್ಟು ಬಿಕ್ಕಿದಳು. "ಅವನು ಪದೇ ಪದೇ ಕಣ್ಣು ಬಿಡ್ತಿದ್ದ ಅಮ್ಮಾ. ಕತ್ತಲಾದ್ರೆ ಬಿಡಲ್ಲ ಅಂತ ಬೀರುವಿನಲ್ಲಿ ಕೂರಿಸಿದೆ."

ಕಬ್ಬಿಣದ ಬೀರು! ಓಡಿಹೋಗಿ ಹಿಡಿ ತಿರುಗಿಸಿ ಬಾಗಿಲು ಎಳೆದಳು. ಬಟ್ಟೆಯ ರಾಶಿಯ ಮೇಲೆ ಗುಂಡ ಮುದುಡಿ ಕೂತಿದ್ದ. ಮೈಯೆಲ್ಲ ಬೆವರು, ಮುಖ ಬಿಳಿಚಿಹೋಗಿತ್ತು. ಹೊರಗೆಳೆದು ಎದೆಗವಚಿಕೊಂಡಳು. ತಲೆ ಅವಳ ತೋಳಿನ ಮೇಲೆ ವಾಲಿತು.

"ಕಣ್ಣು ಬಿಡೋ ನನ್ನಪ್ಪಾ! ಒಂದ್ಸಲ ಬಿಡೋ!" ಎಂದು ಗೋಳೋ ಎಂದು ಅತ್ತಳು.

ಬಿಗಿಯಾಗಿ ಮುಚ್ಚಿದ್ದ ರೆಪ್ಪೆಯಡಿಯಿಂದ ನೀರು ಜಾರಿತು. ಮಗು ಏದುಸಿರು ಬಿಡುತ್ತಾ ಪಿಸುಗುಟ್ಟಿತು.

"ಬಿಡಲ್ಲ. ನೀನು ಸುಳ್ಳೇ ಅಳ್ತಿದ್ದೀಯ."