ತಾಟಿನಂಚಿನ ಕಾಳು

ಚುರಮುರಿ ಜಾರುತ್ತಿದೆ, ಅವ್ವ ತಾಟಿನ ನಡುವೆ ಗುಡ್ಡೆ ಹಾಕಿದ್ದು, ಉಳ್ಳಾಗಡ್ಡಿ ಇಲ್ಲದ್ದು, ನಡುವೆ ಎತ್ತರ, ಎರಡೂ ಕಡೆ ಇಳಿಜಾರು, ಅಂಚಿಗೆ ಬಂದಂತೆ ಒಂದೊಂದೇ ಕಾಳು — ಗುಡಿ ಗಂಟಿ ಇದ್ದಂಗ ನೋಡ್ರಿ, ಕಾಲೇಜಿನ ಜ್ಞಾನದೇವ ಸರ್ ಬೋರ್ಡಿನ ಮೇಲೆ ಕೈ ಏರಿಸಿ ಇಳಿಸುತ್ತಾರೆ, ಇದಕ್ಕ ಪ್ರಸಾಮಾನ್ಯ ವಿತರಣೆ ಅಂತಾರ, ನಟ್ಟನಡಕ ಸರಾಸರಿ, ಮಂದಿ ಎಲ್ಲಾ ಅದರ ಸುತ್ತಽ ಇರತಾರ — ಆ ತಾಟಿನ ಹಿಂದೆ ಸುಹಾಸ, ಉಗಾರದಿಂದ ನನ್ನನ್ನು ನೋಡಲು ಬಂದವನು, ನಾನು ಮಾತ್ರ ತಾಟನ್ನೇ ನೋಡುತ್ತಿದ್ದೇನೆ, ಚಾಪೆಯ ಮೇಲೆ, ಅವರು ಬರುವ ಮೊದಲೇ ಕೂರಿಸಿದ್ದಾರೆ, ಸುಗಂಧಾ, ಅವ್ರು ಹೋಗೂತನಕ ಏಳಬ್ಯಾಡ, ಎದ್ದ್ರೂ ಮೊಣಕಾಲ ಜರಾ ಮಡಚು, ಸೀರಿ ಒಳಗ ಯಾರಿಗಿ ಕಾಣತೈತಿ, ನಿನ್ನೆ ಅವ್ವ ಕನ್ನಡಿಯೆದುರು ಮೂರು ಸಲ ಮಡಚಿಸಿದಳು, ಎರಡು ಸಂಬಂಧ ನನ್ನ ಎತ್ತರಕ್ಕೇ ತಪ್ಪಿವೆ, ಇದು ಮೂರನೆಯದು, ಇವನು ಬೇಡವೆಂದೇನಲ್ಲ, ತಿನ್ನುವಾಗ ಒಂದು ಕಾಳೂ ಚೆಲ್ಲುವುದಿಲ್ಲ, ಬೇಕೆಂದೇ ಅನಿಸುತ್ತಿದೆ, ಆದರೆ ಮಡಚಿದ ಕಾಲಲ್ಲಿ ಎಷ್ಟು ವರ್ಷ ನಿಲ್ಲುವುದು — ಸರ್ ತರಗತಿಯ ಹುಡುಗಿಯರನ್ನೆಲ್ಲ ಗೋಡೆಗೆ ನಿಲ್ಲಿಸಿ ಟೇಪು ಹಿಡಿದ ದಿನ, ಸರಾಸರಿ ನೂರಾ ಐವತ್ನಾಲ್ಕು ಸೆಂಟಿಮೀಟರು, ಅದರಿಂದ ಮಂದಿ ಅತ್ತಿತ್ತ ಸರಿಯುವ ಅಳತೆ, ಮಾನಕ ವಿಚಲನೆ, ಆರು, ನಾನು ನೂರಾ ಎಪ್ಪತ್ತೈದು, ಸರ್ರ, ತಪ್ಪ ಅಳದೇವ್ರಿ, ಈಕಿನ್ನ ಲೆಕ್ಕದಾಗಿಂದ ತಗದ ಒಗೀರಿ, ಅಂದಳು ಗೆಳತಿ ಮಯೂರಿ, ನಗು, ಮತ್ತೆ ಅಳೆದರು, ಮತ್ತೆ ನೂರಾ ಎಪ್ಪತ್ತೈದು, ಮೂರೂವರೆ ವಿಚಲನೆ ದೂರ, ಸಾವಿರಕ್ಕೆ ಒಂಬೈನೂರಾ ತೊಂಬತ್ತೇಳು ಮಂದಿ ಮೂರರೊಳಗೇ ಇರುವಾಗ, ಸರ್ ನಗಲಿಲ್ಲ, ಗೆರೆಯ ಬಾಲ ಎಳೆದರು, ಎಳೆಯುತ್ತಲೇ ಹೋದರು, ಬೋರ್ಡು ಮುಗಿಯಿತು, ಸುಣ್ಣದಕಡ್ಡಿ ಗೋಡೆಗಿಳಿಯಿತು, ಕಿಟಕಿಯಾಚೆ ಕಬ್ಬಿನ ಸೂಲಂಗಿ ಹೂ ಬೆಳ್ಳಗೆ ತೂಗುತ್ತಿತ್ತು, ಗೆರೆ ಅಲ್ಲಿಗೂ ಹೋಯಿತೇನೋ — ತಪ್ಪ ಅಲ್ಲ ಬಿಡವಾ, ಅಂದರು ಸರ್, ಈ ಬಾಲ ನೆಲಾ ಮುಟ್ಟೂದಽ ಇಲ್ಲ, ಎಷ್ಟ ದೂರ ಹೋದ್ರೂ ಅಲ್ಲಿ ಯಾರರೆ ಒಬ್ರ ಇರಾಕಬೇಕ — ಎದ್ದ ನಿಂದ್ರವಾ, ನೋಡೂಣು, ಸುಹಾಸನ ತಾಯಿಯ ದನಿ, ಅವ್ವನ ಕಣ್ಣು ನನ್ನ ಮೊಣಕಾಲ ಮೇಲೆ, ಫ್ಯಾನು ತಿರುಗುತ್ತಿದೆ, ಏಳುತ್ತಿದ್ದೇನೆ, ನೀರೊಳಗಿಂದ ಏಳುವ ಹಾಗೆ, ತಾಟು ಕೆಳಗೆ ಕೆಳಗೆ, ಅವ್ವನ ಬೈತಲೆ ಕೆಳಗೆ, ಮಡಚಿ ನಿಲ್ಲಬೇಕಾದ ಎತ್ತರ ಬಂತು, ಮಡಚು, ಮಡಚು, ದಾಟಿತು, ಕಾಲು ನೆಟ್ಟಗಾಯಿತು, ಅಯ್ಯ, ಭಾಳ ಉಂಚ ಐತಲ್ಲ ಹುಡುಗಿ, ಯಾರ ಮಾತೋ, ಅವ್ವ ಕಣ್ಣು ಮುಚ್ಚಿದ್ದಾಳೆ, ಸುಹಾಸ ತಲೆಯೆತ್ತಿ ನೋಡುತ್ತಿದ್ದಾನೆ, ಇನ್ನೂ ಎತ್ತುತ್ತಿದ್ದಾನೆ, ಅವನ ಬೆರಳು ನಡುವಿನ ಗುಡ್ಡೆ ಬಿಟ್ಟು ಅಂಚಿನ ಕಡೆ ಸರಿದಿದೆ, ಅಲ್ಲಿ ಒಂದು ಕಾಳು, ಇನ್ನೂ ಮುಟ್ಟಿಲ್ಲ, ಬಿದ್ದೂ ಇಲ್ಲ, ಅಂಚಿನಲ್ಲಿ, ಒಂದೇ ಕಾಳು