ತೆಲುಗಿನಲ್ಲಿ ಉಳಿದುಹೋದ ವರ್ಷಗಳು

ವರ್ಷಾಳಿಗೆ ಹೈದರಾಬಾದಿನ ಮಾದಾಪುರದ ಕಂಪನಿಯಲ್ಲಿ ಕೆಲಸ ಸಿಕ್ಕದ್ದು ಕನ್ನಡ, ತೆಲುಗು, ಹಿಂದಿ ಮೂರೂ ಬರುತ್ತವೆಂಬ ಕಾರಣಕ್ಕೆ. ಮೊಬೈಲ್ ಫೋನಿನ ಪರದೆಯ ಮೇಲೆ ಮೂಡುವ ಪದಗಳು ಆಯಾ ಭಾಷೆಯಲ್ಲಿ ಸರಿಯಾಗಿವೆಯೇ ಎಂದು ಆಕೆ ನೋಡಬೇಕು. ೨೦೦೫ರಲ್ಲಿ ಇಂಥದಕ್ಕೂ ಸಂಬಳ ಕೊಡುತ್ತಿದ್ದರು. ಆ ಸಲುವಾಗಿ ಭಾನುವಾರ ಸಿಕಂದರಾಬಾದಿನ ಮನೆಯಲ್ಲಿ ಹೋಳಿಗೆ ಊಟ.

ಊಟ ಎಲ್ಲರಿಗೂ ಸೇರಿತು, ವರ್ಷಾಳೊಬ್ಬಳನ್ನು ಬಿಟ್ಟು. ಮರುದಿನ ತರಬೇತಿಯಲ್ಲಿ ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಬದುಕಿನ ಮೊಟ್ಟಮೊದಲ ನೆನಪನ್ನು ಹೇಳಬೇಕಿತ್ತು.

"ಐದನೇ ವರ್ಷದ ಹಿಂದಿಂದು ನನಗ ಏನಂದ್ರ ಏನೂ ನೆನಪಿಲ್ಲ," ಎಂದಳು. "ನನ್ನ ಬಾಜೂ ಕೂಡೋ ಹುಡುಗಿಗೆ ತನ್ನ ತೊಟ್ಟಲದ ಬಣ್ಣ ನೆನಪೈತಂತ."

"ಆಕಿ ಸುಳ್ಳು ಹೇಳ್ತಾಳ. ನೀನೂ ಹೇಳು," ಎಂದರು ಸೋಮಣ್ಣ. ಇವರು ವರ್ಷಾಳ ತಂದೆಯ ಆಫೀಸಿನ ಗೆಳೆಯರು. ನಿವೃತ್ತರಾದ ಮೇಲೆ ದಿನಕ್ಕೆ ಮೂರು ಪತ್ರಿಕೆ ಓದುತ್ತಿದ್ದುದರಿಂದ ಯಾವ ವಿಷಯವೂ ಅವರಿಗೆ ಹೊಸದಾಗಿರಲಿಲ್ಲ. "ಸಣ್ಣ ಮಕ್ಕಳ ಮಿದುಳು ಅಂದ್ರ ಹಿಮಾಯತ್‌ನಗರದ ಹಳೇ ಬಂಗಲೆ ಇದ್ದಂಗವಾ. ಹೊಸಾದು ಕಟ್ಟಾಕ ಹಳೇದು ಕೆಡವತಾರ. ಪೇಪರಿನಾಗ ಬಂದಿತ್ತು."

"ಹಿಮಾಯತ್‌ನಗರ ಅಂತ ಬಂದಿತ್ತೇನು?" ಎಂದರು ತಂದೆ ಹಣಮಂತರಾಯರು. ಅವರ ಪ್ರಕಾರ ಕಾರಣ ಐದನೇ ವರ್ಷದ ಟೈಫಾಯ್ಡ್; ಜ್ವರಕ್ಕೆ ಎಲ್ಲ ಸುಟ್ಟುಹೋಯಿತು. ಹಾಗಾದರೆ ಗಣಿತವೇಕೆ ಸುಡಲಿಲ್ಲ ಎಂದರೆ, ಅದನ್ನು ಜ್ವರ ಬಿಟ್ಟ ಮೇಲೆ ತಾವೇ ಹೇಳಿಕೊಟ್ಟದ್ದು.

ತುಪ್ಪ ಬಡಿಸುತ್ತಿದ್ದ ತಾಯಿ ಶಿವದೇವಿ ಯಾವ ಕಾರಣವನ್ನೂ ಕೊಡಲಿಲ್ಲ. ಆ ಮನೆಯಲ್ಲಿ ಇದು ಅಪರೂಪ.

ಹಿಮಾಯತ್‌ನಗರದಲ್ಲಿ ಬಾಡಿಗೆಗಿದ್ದಾಗ ಪಕ್ಕದ ಮನೆಯಲ್ಲಿದ್ದ ಟೀಚರು ಶಾರದಾಬಾಯಿ, ಎಷ್ಟೋ ವರ್ಷಗಳ ಮೇಲೆ ಊಟಕ್ಕೆ ಬಂದಿದ್ದರು. ಅವರು ಚಷ್ಮಾ ಒರೆಸಿಕೊಂಡರು.

"ಕಾರಣ ಸರಳ ಅದ. ಆಗ ಈಕಿ ಇಡೀ ದಿನ ಮನಿ ಮಾಲಕರ ಅಂಗಳದಾಗ, ಅವರ ಮಕ್ಕಳ ಜೋಡಿ, ತೆಲುಗಿನಾಗ ಇರ್ತಿದ್ಲು. ಈಕಿಗೆ ಐದಾದಾಗ ನೀವು ಆಫೀಸಿನ ಕ್ವಾರ್ಟರ್ಸಿಗೆ ಹೋದ್ರಿ, ಸುತ್ತೆಲ್ಲಾ ಕನ್ನಡದ ಮಂದಿ. ತೆಲುಗಿನಾಗ ಇಟ್ಟದ್ದು ಕನ್ನಡದಾಗ ಹುಡುಕಿದ್ರ ಸಿಗ್ತದೇನು?"

"ಈಗೂ ತೆಲುಗು ಬರ್ತೈತಲ್ರಿ ಆಕಿಗೆ!" ಎಂದರು ಹಣಮಂತರಾಯರು.

"ಇದು ಸಾಲಿಯಾಗ ಕಲಿತ ತೆಲುಗು. ಅದು ಅಂಗಳದ್ದು."

"ತಡೀರಿ," ಎಂದರು ಸೋಮಣ್ಣ. "ಈಕಿಗೆ ತೆಲುಗು ಕಲಿಸಿದವರು ನಮ್ಮ ಶಿವದೇವಿ ವೈನಿಯವರಲ್ಲೇನು? ಆ ಹಾಲಿನ ಕತಿ?"

ಹಾಲಿನ ಕತೆ ಊರಿನ ಕನ್ನಡ ಮನೆಗಳಿಗೆಲ್ಲ ಗೊತ್ತಿತ್ತು. ಶಿವದೇವಿ ಬಾಗಲಕೋಟೆ ಕಡೆಯ ಹಳ್ಳಿಯಿಂದ ಬಂದ ಹೊಸತು. ಹಾಲಿನವನು ಒಂದು ಅಳತೆ ಸುರಿದು "ಚಾಲಾ?" ಎನ್ನುವನು. ತೆಲುಗಿನಲ್ಲಿ ಅದು 'ಸಾಕೇ?' ಎಂದು; ಚಾಲು ಎಂದರೆ ಸಾಕು. ಬಾಗಲಕೋಟೆಯಲ್ಲಿ ಚಾಲೂ ಎಂದರೆ ಶುರು, ನಡೆಯಲಿ. ಈಕೆ ಬೋಗುಣಿ ಮುಂದೆ ಹಿಡಿದು "ಹೂಂ, ಚಾಲೂ, ಚಾಲೂ!" ಎನ್ನುವಳು, ಅವನು ಕ್ಯಾನು ಎತ್ತಿಕೊಂಡು ನಡೆಯುವನು. ಒತ್ತಿ ಹೇಳಿದಷ್ಟೂ ಬೇಗ ನಡೆಯುವನು. ತಿಂಗಳುಗಟ್ಟಲೆ ಆ ಮನೆಯಲ್ಲಿ ದೊಡ್ಡವರಿಗೆ ಕರಿ ಚಹಾ. ಕೊನೆಗೆ ಶಿವದೇವಿ ತಾನೇ ತಪ್ಪನ್ನು ಹಿಡಿದು, ಒಂದೇ ತಿಂಗಳಲ್ಲಿ ತೆಲುಗು ಕಲಿತಳು. ಈ ಕತೆಯ ಬಲದಿಂದಲೇ ಮಹಿಳಾ ಮಂಡಳದಲ್ಲಿ ಆಕೆಯ ಮಾತು ನಡೆಯುತ್ತಿತ್ತು. ಹೊಸ ಸೊಸೆಯಂದಿರನ್ನು ಧೈರ್ಯ ಹೇಳಿಸಲು ಆಕೆಯ ಬಳಿಗೇ ಕರೆತರುತ್ತಿದ್ದರು.

ಶಾರದಾಬಾಯಿ ನಕ್ಕರು. "ನೀವೇ ಹೇಳ್ರಿ ಶಿವದೇವಿ. ನಾ ಹೇಳಿದ್ರ ಚಂದ ಅಲ್ಲ."

ಶಿವದೇವಿ ಹಳೆಯ ಕತೆಯನ್ನೇ ಹೇಳಬಹುದಿತ್ತು. ಶಾರದಾಬಾಯಿ ನಿಜ ಗೊತ್ತಿದ್ದರೂ ಬಾಯಿ ಬಿಡದ ಮರ್ಯಾದಸ್ಥರು, ಇನ್ನೊಬ್ಬ ಸಾಕ್ಷಿಗೆ ಏನೂ ನೆನಪಿರಲಿಲ್ಲ.

"ಹೋಗ್ಲಿ ಬಿಡ್ರಿ," ಎಂದಳು ಆ ಸಾಕ್ಷಿ, ವರ್ಷಾ. "ಅಷ್ಟು ವರ್ಷ ಬರೇ ಉಂಡು ಮಲಗಿದ್ದೆ ಅಂತ ಹೇಳ್ತೀನಿ."

ಶಿವದೇವಿ ತುಪ್ಪದ ಗಿಂಡಿಯನ್ನು ಕೆಳಗಿಟ್ಟಳು.

"ಉಂಡು ಮಲಗಿದ್ದೇನು? ಹಾಲಿನ ತಪ್ಪು ಹಿಡದಾಕಿ ನಾನಲ್ಲ, ನೀನು! ಮೂರು ವರ್ಷದಾಕಿ, ನನ್ನ ಸೆರಗು ಹಿಡಕೊಂಡು ನಿಂತಿದ್ದಿ. 'ಅವ್ವಾ, ಚಾಲೂ ಅನಬ್ಯಾಡ, ಅಂವ ಸಾಕಂತ ತಿಳೀತಾನ' ಅಂದಿ. ಅವನ ಕಡೆ ತಿರುಗಿ 'ಇಂಕಾ ಪೊಯ್', ಇನ್ನೂ ಹಾಕು ಅಂತ ಅಂದಿ. ಅಂವ ಗಾಬರಿ ಆಗಿ ಬೋಗುಣಿ ತುಂಬಿಸಿದ. ಅಲ್ಲಿಂದ ಒಂದು ವರ್ಷ ಕಾಯಿಪಲ್ಲೆ, ರೇಷನ್ನು, ಎಲ್ಲಾ ಕಡೆ ನೀ ಮುಂದ, ನಾ ಹಿಂದ. ಡಾಕ್ಟರ ಮುಂದ ನನ್ನ ಹೊಟ್ಟಿ ಬ್ಯಾನಿ ನೀ ಹೇಳೀದಿ. ನನಗ ತೆಲುಗು ಕಲಿಸಿದಾಕಿ ನೀನು."

ಹೆಂಡತಿಯ ಸಾಹಸವನ್ನು ಇಪ್ಪತ್ತು ವರ್ಷ ಆಫೀಸಿನಲ್ಲಿ ಸಾರಿದ್ದ ಹಣಮಂತರಾಯರ ಕೈ ತಟ್ಟೆಯಲ್ಲೇ ನಿಂತಿತು. "ನನಗ್ಯಾಕ ಹೇಳಲಿಲ್ಲ?"

"ನೀವು ಊರ ತುಂಬ ಹೇಳ್ಕೊಂಡು ಬಂದ ಮ್ಯಾಲೆ ನಾ ಏನ್ ಹೇಳ್ಲಿ? ನೆನಪಾದ್ರ ಆಕೀನ ಹೇಳ್ಲಿ ಅಂತ ಸುಮ್ಮನಿದ್ದೆ. ಆಗಲಿಲ್ಲ. ನನಗ ಚೊಲೋ ಆತು."

ವರ್ಷಾ ಕಣ್ಣು ಮುಚ್ಚಿ ಹುಡುಕಿದಳು. ಹಾಲೂ ಕಾಣಲಿಲ್ಲ, ಬೋಗುಣಿಯೂ ಕಾಣಲಿಲ್ಲ. ಆದರೂ ಬೆನ್ನು ನೆಟ್ಟಗೆ ಮಾಡಿ ಕುಳಿತು ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು.

"ಮೂರು ವರ್ಷಕ್ಕ ದುಭಾಷಿ!" ಎಂದರು ಸೋಮಣ್ಣ.

ಶಿವದೇವಿಯ ಮಾನ ಹೋಗಿದ್ದರೆ ಅದು ಸೋಮಣ್ಣ ನೀರು ಕುಡಿದು ಲೋಟ ಇಡುವಷ್ಟು ಹೊತ್ತು ಮಾತ್ರ. "ಮೂರು ಎಲ್ಲಿ ತುಂಬಿತ್ರಿ," ಎಂದಳು. "ಎರಡೂವರಿ."

ಮಜ್ಜಿಗೆ ಬರುವ ಹೊತ್ತಿಗೆ ಅದು ಎರಡಾಯಿತು. ಅತಿಥಿಗಳು ಚಪ್ಪಲಿ ಮೆಟ್ಟುವಾಗ ಆಕೆ ಎದುರು ಫ್ಲ್ಯಾಟಿನವರಿಗೆ, ನಿರರ್ಗಳವಾದ ತೆಲುಗಿನಲ್ಲಿ, ಒಂದೂವರೆ ಎನ್ನುತ್ತಿದ್ದಳು.

"ಅವ್ವಾ, ಒಂದೂವರಿಗೆ ಯಾರಿಗರೆ ಅಷ್ಟು ಮಾತು ಬರ್ತಾವೇನು?"

"ನಿನಗೇನು ನೆನಪೈತಿ?" ಎಂದಳು ಶಿವದೇವಿ. "ಬಾ, ಕೂಡು. ಮೊದಲಿಂದ ಹೇಳ್ತೀನಿ, ಬಾಯಿಪಾಠ ಮಾಡ್ಕೋ."