ಮಂದಿಗೆ ಹಾಕಿದ ಬೀಗ

ಮರುಳಪ್ಪನವರು ಕಂಪ್ಯೂಟರಿಗೆ ಬೀಗ ಹಾಕಿದ್ದು ಸೊಸೆಯ ಮೇಲಿನ ಸಿಟ್ಟಿಗೆ. ಅದು ತಮಗೇ ಹೇಗೆ ಬಿತ್ತು ಎಂಬುದು ಮಾತ್ರ ಬೆಳಗಿನಿಂದ ಅವರ ತಲೆಗೆ ಹೋಗುತ್ತಿಲ್ಲ.

ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದೆ ಅವರದೊಂದು ಪ್ರೆಸ್ಸು. ಅಚ್ಚಿನ ಮೊಳೆ ಜೋಡಿಸುವ ಕಾಲ ಮುಗಿದು ಕಂಪ್ಯೂಟರು ಬಂತು, ಅದರ ಬೆನ್ನಿಗೇ ಸೊಸೆ ಸುಕನ್ಯಾ ಬಂದಳು. ಈಗ ಕೆಲಸವೆಲ್ಲ ಅವಳ ಕೈಯಲ್ಲೇ. ಮೊನ್ನೆ ಅವಳು, "ಕೊಟ್ಟೂರಾಗ ನಂದೊಂದು ಸಣ್ಣ ಅಂಗಡಿ ಹಾಕ್ತೀನ್ರಿ ಮಾವಾರ" ಎಂದಳು. ಮರುಳಪ್ಪನವರಿಗೆ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ. ಗಿರಾಕಿಗಳ ಎದುರಿಗೇ "ನಿನ್ನೆ ಬಂದಾಕಿ ನೀನು!" ಎಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುಕನ್ಯಾ ಚಿಗಟೇರಿಯ ತವರಿಗೆ ನಡೆದಳು.

ಅವಳು ಹೋದದ್ದೇ ಇವರಿಗೆ ಹೊಸ ದಿಗಿಲು ಹತ್ತಿತು. ಮರಳಿ ಬಂದು ಇಷ್ಟು ವರ್ಷದ ಕೆಲಸವನ್ನೆಲ್ಲ ಸಿಡಿಗೆ ತುಂಬಿ ಕೊಟ್ಟೂರಿಗೆ ಒಯ್ದರೆ? ಹಗರಿಬೊಮ್ಮನಹಳ್ಳಿಯಲ್ಲಿ ಕಂಪ್ಯೂಟರ್ ಕಲಿಸುವ ಏಕಾಂತಪ್ಪನಿಗೆ ಫೋನು ಹಚ್ಚಿದರು. ಅವನು ಹೇಳಿದಂತೆ ಪರದೆಯ ಮೇಲೆ ಕರೀ ಕಿಟಕಿಯೊಂದನ್ನು ತೆರೆದು, ಬೀಗದ ಆಜ್ಞೆಯನ್ನು ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದರು. ಆಮೇಲೆ ಕೆಲಸವೆಲ್ಲ ಇದ್ದ ಫೋಲ್ಡರಿನ ಹೆಸರು ಹಾಕಿದರು.

"ಈಗ ಯಾರಿಗೆ ಬ್ಯಾಡೋ ಅವರ ಹೆಸರು ಹಾಕ್ರಿ" ಎಂದ ಏಕಾಂತಪ್ಪ.

ಸೊಸೆಯ ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತು. "ಯಾರಿಗೆ ಅಂದ್ರ... ಮಂದಿಗೆಪಾ."

"ಮಂದಿ ಎಲ್ಲಾರಿಗೂ ಅಂದ್ರ ಎವ್ರಿವನ್ ಅಂತ ಹಾಕ್ರಿ."

ಹಾಕಿದರು. ನಮ್ಮ ಕಡೆ ಮಂದಿ ಅಂದರೆ ಊರೆಲ್ಲ ಬಂತು, ನಾವೊಬ್ಬರು ಬಿಟ್ಟು. ಮಂದಿ ನಗ್ತಾರ, ಮಂದಿ ಆಡಿಕೊಳ್ತಾರ, ಆದರೆ ನಾವು ಎಂದಾದರೂ ಮಂದಿಯೇ? ಮರುಳಪ್ಪನವರು ನಿಶ್ಚಿಂತೆಯಿಂದ ಮನೆಗೆ ಹೋದರು.

ಬೆಳಿಗ್ಗೆ ನೀಲಗುಂದದ ಜಂಬಯ್ಯ ಬಂದು ಕೂತ. ನಾಳೆ ಅವನ ಊರಲ್ಲಿ ನಾಟಕ, ಹ್ಯಾಂಡ್‌ಬಿಲ್ ಇವತ್ತೇ ಸಂತೆಯಲ್ಲಿ ಹಂಚಬೇಕು. ಸುಕನ್ಯಾ ಮೊನ್ನೆಯೇ ಅದನ್ನು ಮಾಡಿಟ್ಟಿದ್ದಳು, ಆದರೆ ಅದೂ ಆ ಫೋಲ್ಡರಿನಲ್ಲೇ. ಮರುಳಪ್ಪನವರು ತೆರೆಯಲು ಹೋದರೆ ಪರ್ಮಿಷನ್ ಇಲ್ಲವೆಂದಿತು. ಬಂದ್ ಮಾಡಿ ಚಾಲೂ ಮಾಡಿದರು, ಪರದೆ ಒರೆಸಿದರು, ಊದಿನಕಡ್ಡಿಯನ್ನೂ ಬೆಳಗಿದರು. ಅದರದ್ದು ಒಂದೇ ಹಟ.

"ಎವ್ರಿವನ್ ಅಂದ್ರ ಅದರಾಗ ನೀವೂ ಬಂದ್ರಿ" ಎಂದ ಏಕಾಂತಪ್ಪ ಫೋನಿನಲ್ಲಿ.

"ನಾ ಯಾಕ ಬರ್ಲಿ? ನಾ ಅಂಗಡಿ ಮಾಲಕ!"

"ಅದಕ್ಕ ಅಂಗಡಿ ಗೊತ್ತಿಲ್ರಿ. ಆ ಫೋಲ್ಡರ್ ಮಾಡಿದೋರು ಯಾರು?"

"ನಮ್ಮ ಸುಕನ್ಯಾ."

"ಹಂಗಾದ್ರ ಅದಕ್ಕ ಮಾಲಕಿ ಆಕಿನ. ಬ್ಯಾರೆ ದಾರಿ ಐತಿ, ಫೋನಿನಾಗ ಹೇಳಾಕ ಬರಂಗಿಲ್ಲ. ಆಕೀನ ಕರೀರಿ."

ತಮ್ಮ ದುಡ್ಡಿನಲ್ಲಿ ಕೊಂಡ ಡಬ್ಬಿಗೆ ಸೊಸೆ ಹೇಗೆ ಮಾಲಕಿಯಾದಳು? ಯೋಚಿಸಿದಷ್ಟೂ ಗೋಜಲು. ಜಂಬಯ್ಯ ಕೂತಲ್ಲೇ ಮಿಸುಕಾಡುತ್ತಿದ್ದ. ಕೊನೆಗೆ ಚಿಗಟೇರಿಗೆ ಹೋಗಿ, ಬಾಗಿಲಲ್ಲೇ ನಿಂತು, "ಮಿಷನ್ ಕೆಟ್ಟೈತಿ" ಎಂದರು. ಸುಕನ್ಯಾ ಮಾವನ ಮುಖವನ್ನೇ ನೋಡಿದಳು. "ನಾಟಕದೋರು ಏನು ಪಾಪ ಮಾಡ್ಯಾರ, ನಡೀರಿ" ಎಂದು ಚಪ್ಪಲಿ ಮೆಟ್ಟಿದಳು.

ಅಂಗಡಿಗೆ ಬಂದವಳು ಮಾವನ ಹೆಸರಿನ ಲಾಗಿನ್ ತೆಗೆದು ತನ್ನ ಹೆಸರಿನಿಂದ ಕಂಪ್ಯೂಟರಿನ ಒಳಗೆ ಹೋದಳು. ಕರೀ ಕಿಟಕಿ ತೆರೆದು ಏನೋ ಬಡಿದು, ಬಂದ ಸಾಲು ಓದಿದಳು.

"ಎಲ್ಲಾರಿಗೂ ಬೀಗ ಹಾಕೈತಿ. ಯಾರು ಹಾಕಿದ್ದು?"

"ನಾನ ಹಾಕಿದ್ದು."

"ಯಾರಿಗೆ ಹೆದರಿದ್ರಿ?"

ಮಂದಿಗೆ ಎನ್ನಬಹುದಿತ್ತು. ಬಾಯಿಗೂ ಬಂದಿತ್ತು. ಆದರೆ ಬೆಳಗಿನಿಂದ ಆ ಶಬ್ದದ ಅರ್ಥವೇ ತಮಗೆ ತಿಳಿಯದಂತಾಗಿದೆ.

"ನಿನಗ" ಎಂದರು.

ಜಂಬಯ್ಯ ಎದ್ದು ಹೊರಗೆ ಹೋದ. ಸುಕನ್ಯಾಳ ಕಣ್ಣು ತುಂಬಿತು. "ಹಂಗಿದ್ರ ನನ್ನ ಹೆಸರು ಹಾಕಬೇಕಿತ್ರಿ. ನನಗಷ್ಟ ಬೀಗ ಬೀಳ್ತಿತ್ತು, ನಿಮಗ ತೆರೀತಿತ್ತು."

"ಗೊತ್ತಿಲ್ಲವಾ. ಹಾಕಾಕ ಕೈ ಬರಲಿಲ್ಲ."

ಅವಳು ಕಣ್ಣೊರೆಸಿಕೊಂಡು ಒಂದು ಸಾಲು ಬಡಿದಳು. ಫೋಲ್ಡರು ತೆರೆಯಿತು. ಹ್ಯಾಂಡ್‌ಬಿಲ್ಲನ್ನು ಪ್ರಿಂಟಿಗೆ ಹಚ್ಚಿ, ಮಾವನ ಕಡೆ ತಿರುಗದೆಯೇ, "ಕೊಟ್ಟೂರಾಗ ಅಂಗಡಿ ಹಾಕೋದು ಖರೇರಿ" ಎಂದಳು.

ಮರುಳಪ್ಪನವರಿಗೆ ಸಿಟ್ಟು ಬರಬೇಕಿತ್ತು. ಅದು ಎಲ್ಲಿ ಹೋಯಿತೋ ಅವರಿಗೇ ತಿಳಿಯಲಿಲ್ಲ.

"ಹಾಕವಾ. ಸಂಜೀಕ ಮನಿಗೆ ಬಾ."